ಕರುಳಿನ ಬಾಗಿಲಲ್ಲಿ ಸಕ್ಕರೆ

ನಮ್ಮ ಸೀಮೆಯಲ್ಲಿ ಸಕ್ಕರೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಕಾರಖಾನೆಯದು, ಇನ್ನೊಂದು ದವಾಖಾನೆಯದು. ಸೊಲ್ಲಾಪುರ ಜಿಲ್ಲೆಯು ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರಖಾನೆಗಳುಳ್ಳ ಜಿಲ್ಲೆಗಳ ಸಾಲಿಗೆ ಸೇರಿದೆ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಗಾಡಿ, ಟ್ರ್ಯಾಕ್ಟರುಗಳು ಕಾಟಾದ ಮುಂದೆ ಹಗಲಿರುಳು ಸಾಲುಗಟ್ಟಿ ನಿಲ್ಲುವುದನ್ನು ಈ ಭಾಗದ ನಾವೆಲ್ಲ ಕಂಡು ಬೆಳೆದವರು. ಎರಡನೆಯ ಅರ್ಥವೂ ಈಗ ಮನೆಮನೆಯ ಮಾತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಕುಟುಂಬಗಳಲ್ಲಿ ಸಕ್ಕರೆ ಕಾಯಿಲೆಯವರು ಒಬ್ಬರೂ ಇಲ್ಲದ ಮನೆಗಳು ವಿರಳವೆಂದೇ ನನ್ನ ಭಾವನೆ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಆರೋಗ್ಯದ ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನನ್ನ ಬಳಿ ಬರುವ ರೋಗಿಗಳು ಪದೇ ಪದೇ ಕೇಳುವ ಒಂದು ಪ್ರಶ್ನೆ ನೆನಪಿಗೆ ಬಂತು. "ಸಕ್ಕರಿ ಬಿಟ್ಟೀನ್ರಿ ಸಾಹೇಬ್ರ, ಬೆಲ್ಲ ತಿಂದ್ರ ನಡೀತದೇನ್ರಿ?" ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಕಳಿಸಬಹುದು. ಆದರೆ ಕಾರಣ ತಿಳಿಯದ ಪಥ್ಯ ಬಹಳ ದಿನ ನಿಲ್ಲುವುದಿಲ್ಲ. ಆದುದರಿಂದ ತಿಂದ ಸಕ್ಕರೆ ನಮ್ಮ ಕರುಳಿನೊಳಗೆ ಏನು ಮಾಡುತ್ತದೆ, ಕರುಳು ಅದನ್ನು ಹೇಗೆ ಗುರುತಿಸುತ್ತದೆ, ಗುರುತಿಸಿ ಯಾರಿಗೆ ಸುದ್ದಿ ಕಳಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಒಂದು ಚಮಚದ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತನೊಬ್ಬ ಬೆಳಿಗ್ಗೆ ಬರಿಹೊಟ್ಟೆಯಲ್ಲಿದ್ದಾಗ ಆ ಇಡೀ ರಕ್ತದಲ್ಲಿರುವ ಗ್ಲೂಕೋಸನ್ನು ಒಟ್ಟುಗೂಡಿಸಿದರೆ ಅದು 4ರಿಂದ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಮಾತ್ರ. ಒಂದು ದೊಡ್ಡ ಗ್ಲಾಸು ಕಬ್ಬಿನ ಹಾಲಿನಲ್ಲಿ ಸುಮಾರು 25ರಿಂದ 35 ಗ್ರಾಂ ಸಕ್ಕರೆ ಇರುತ್ತದೆ. ಒಂದು ಚಮಚ ಹಿಡಿಯುವ ಪಾತ್ರೆಗೆ ಐದಾರು ಚಮಚ ಸುರಿದಂತಾಯಿತು. ಆದರೂ ಆರೋಗ್ಯವಂತನ ರಕ್ತದಲ್ಲಿ ಸಕ್ಕರೆ ಸ್ವಲ್ಪವೇ ಏರಿ, ಎರಡು ತಾಸಿನೊಳಗೆ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ.

ಇದು ಸಾಧ್ಯವಾಗುವುದು ಇನ್ಸುಲಿನ್ ಎಂಬ ಹಾರ್ಮೋನಿನಿಂದ. ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್, ಸ್ನಾಯುಗಳಿಗೂ ಕೊಬ್ಬಿನ ಕೋಶಗಳಿಗೂ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಲು ಹೇಳುತ್ತದೆ. ಯಕೃತ್ತಿಗೆ ಸಕ್ಕರೆಯನ್ನು ಕೂಡಿಡಲು ಹೇಳುತ್ತದೆ. ಇಷ್ಟು ಸಂಗತಿ ಬಹುಮಂದಿಗೆ ತಿಳಿದಿದೆ. ಆದರೆ ಮೇದೋಜೀರಕ ಗ್ರಂಥಿಗೆ ಇಷ್ಟು ಬೇಗ ಎಚ್ಚರಿಕೆ ಕೊಡುವವರು ಯಾರು? ರಕ್ತದಲ್ಲಿ ಸಕ್ಕರೆ ಏರಿದ್ದನ್ನು ಕಂಡು ಗ್ರಂಥಿಯೇ ತಾನಾಗಿ ಎಚ್ಚರಗೊಳ್ಳುತ್ತದೆ ಎಂಬುದು ಅರ್ಧ ಉತ್ತರ. ಉಳಿದರ್ಧ ಕರುಳಿನಲ್ಲಿದೆ.

ಬಾಯಿಂದ ಕೊಟ್ಟದ್ದು, ರಕ್ತನಾಳಕ್ಕೆ ಕೊಟ್ಟದ್ದು

ಕರುಳು ಸುದ್ದಿ ಕಳಿಸಬಲ್ಲದೆಂಬುದು ಮೊದಲು ಗೊತ್ತಾದದ್ದು 1902ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯೊಂದರ ಕರುಳಿನ ತುಣುಕಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲವನ್ನು ಹಾಕಿದರು. ನರದ ಸಂಪರ್ಕವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ಜೀರ್ಣರಸವನ್ನು ಸುರಿಸಿತು. ಬಳಿಕ ಕರುಳಿನ ಒಳಪದರವನ್ನು ಕೆರೆದು, ಆಮ್ಲದೊಡನೆ ಅರೆದು, ಆ ರಸವನ್ನು ರಕ್ತನಾಳಕ್ಕೆ ಕೊಟ್ಟಾಗಲೂ ಹಾಗೆಯೇ ಆಯಿತು. ಅಂದರೆ ಕರುಳಿನಿಂದ ಯಾವುದೋ ವಸ್ತು ರಕ್ತದ ಮೂಲಕ ಸಾಗಿ ಗ್ರಂಥಿಗೆ ಅಪ್ಪಣೆ ಮುಟ್ಟಿಸುತ್ತಿತ್ತು. ಅದಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ವಸ್ತುಗಳಿಗೆಲ್ಲ ಹಾರ್ಮೋನ್ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಎಚ್ಚರಿಸು, ಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಶಬ್ದವದು. ಹೀಗೆ ಹಾರ್ಮೋನುಗಳ ಶಾಸ್ತ್ರ ಹುಟ್ಟಿದ್ದೇ ಕರುಳಿನಿಂದ ಎಂಬುದು ಗಮನಾರ್ಹ.

ಸಕ್ಕರೆಯ ವಿಷಯದಲ್ಲಿಯೂ ಇಂಥದೇ ಸುದ್ದಿಯೊಂದು ಇರಬಹುದೆಂದು ಕೆಲವರು ಊಹಿಸಿದರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1906ರಲ್ಲಿ ಮೂರ್ ಮತ್ತು ಸಂಗಡಿಗರು ಕರುಳಿನ ಒಳಪದರದ ಸಾರವನ್ನು ಮಧುಮೇಹಿಗಳಿಗೆ ಕುಡಿಸಿ ನೋಡಿದರು. ಬೆಲ್ಜಿಯಂ ದೇಶದ ಲಾ ಬಾರ್ ಎಂಬ ವಿಜ್ಞಾನಿ ಈ ವಸ್ತುವಿಗೆ ಇನ್‌ಕ್ರೆಟಿನ್ ಎಂದು ಕರೆದರು. ಆದರೆ ರಕ್ತದಲ್ಲಿ ಇನ್ಸುಲಿನ್ನನ್ನು ಅಳೆಯುವ ವಿಧಾನವೇ ಆಗ ಇರಲಿಲ್ಲವಾದ್ದರಿಂದ ಊಹೆ ಊಹೆಯಾಗಿಯೇ ಉಳಿಯಿತು.

ಅಳತೆಯ ವಿಧಾನ ಕೈಗೆ ಬಂದ ಮೇಲೆ, 1964ರಲ್ಲಿ, ಬ್ರಿಟನ್ನಿನ ಮ್ಯಾಕಿಂಟೈರ್ ಮತ್ತು ಸಂಗಡಿಗರೂ ಅಮೆರಿಕದ ಎಲ್ರಿಕ್ ಮತ್ತು ಸಂಗಡಿಗರೂ ಬೇರೆ ಬೇರೆಯಾಗಿ ಪ್ರಯೋಗ ನಡೆಸಿದರು. ಗ್ಲೂಕೋಸನ್ನು ಒಮ್ಮೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರು. ಇನ್ನೊಮ್ಮೆ ಬಾಯಿಯ ಮೂಲಕ ಅಥವಾ ಕರುಳಿಗೆ ಕೊಟ್ಟರು. ರಕ್ತನಾಳಕ್ಕೆ ಕೊಟ್ಟಾಗ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ಏರುತ್ತದೆ. ಆದ್ದರಿಂದ ಇನ್ಸುಲಿನ್ನೂ ಹೆಚ್ಚು ಬರಬೇಕಾಗಿತ್ತು. ಆದದ್ದು ಇದಕ್ಕೆ ವಿರುದ್ಧ. ಕರುಳಿನ ಮೂಲಕ ಹೋದ ಗ್ಲೂಕೋಸಿಗೇ ಹೆಚ್ಚು ಇನ್ಸುಲಿನ್ ಹೊರಬಂತು. ಆರೋಗ್ಯವಂತನೊಬ್ಬ ಗ್ಲೂಕೋಸ್ ಕುಡಿದಾಗ ಬರುವ ಇನ್ಸುಲಿನ್ನಿನಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲು ಕರುಳಿನ ಸುದ್ದಿಯಿಂದಲೇ ಬರುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿದವು.

ಇಬ್ಬರು ದೂತರು

ಆ ಸುದ್ದಿಯನ್ನು ಒಯ್ಯುವ ದೂತರು ಮುಖ್ಯವಾಗಿ ಇಬ್ಬರು. ಮೊದಲನೆಯದು ಜಿಐಪಿ. ಕೆನಡಾದ ವ್ಯಾಂಕೂವರಿನಲ್ಲಿ ಜಾನ್ ಬ್ರೌನ್ ಮತ್ತು ಸಹೋದ್ಯೋಗಿಗಳು 1970ರ ಸುಮಾರಿಗೆ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇದು 42 ಅಮೈನೋ ಆಮ್ಲಗಳ ಸರಪಣಿ. ಜಠರದ ಸ್ರಾವವನ್ನು ತಡೆಯುವ ವಸ್ತುವೆಂದು ಮೊದಲು ಹೆಸರಿಟ್ಟರು. ಇನ್ಸುಲಿನ್ನನ್ನು ಚೋದಿಸುವುದೇ ಇದರ ಮುಖ್ಯ ಕೆಲಸವೆಂದು 1973ರಲ್ಲಿ ತಿಳಿದ ಮೇಲೆ ಅವೇ ಮೂರು ಅಕ್ಷರಗಳಿಗೆ ಹೊಂದುವಂತೆ ಹೊಸ ಹೆಸರನ್ನು ಕಟ್ಟಿಕೊಟ್ಟರು.

ಎರಡನೆಯದು ಜಿಎಲ್‌ಪಿ-1. ಇದರ ಇರವು 1983ರಲ್ಲಿ ವಂಶವಾಹಿಯ ಅಧ್ಯಯನದಿಂದ ತಿಳಿಯಿತು. ಇದು ಇನ್ಸುಲಿನ್ನನ್ನು ಪ್ರಬಲವಾಗಿ ಚೋದಿಸುತ್ತದೆಂದು 1987ರಲ್ಲಿ ಸ್ಥಿರಪಟ್ಟಿತು. ಅಮೆರಿಕದ ಜೋಯೆಲ್ ಹ್ಯಾಬನರ್, ಸ್ವೆತ್ಲಾನಾ ಮೊಯ್ಸೊವ್, ಕೆನಡಾದ ಡೇನಿಯಲ್ ಡ್ರಕರ್, ಡೆನ್ಮಾರ್ಕಿನ ಯೆನ್ಸ್ ಯೂಲ್ ಹೋಲ್ಸ್ಟ್ ಇವರ ಹೆಸರುಗಳು ಈ ಶೋಧದೊಡನೆ ಸೇರಿವೆ. ಜಿಎಲ್‌ಪಿ-1ರ ಕೆಲಸ ಇನ್ಸುಲಿನ್ನಿಗೆ ಮುಗಿಯುವುದಿಲ್ಲ. ರಕ್ತಕ್ಕೆ ಸಕ್ಕರೆ ಬಿಡುವಂತೆ ಯಕೃತ್ತಿಗೆ ಹೇಳುವ ಗ್ಲುಕಗಾನ್ ಎಂಬ ಹಾರ್ಮೋನನ್ನು ಇದು ತಗ್ಗಿಸುತ್ತದೆ. ಜಠರದಿಂದ ಆಹಾರ ಮುಂದೆ ಸಾಗುವ ವೇಗವನ್ನು ಕಡಿಮೆ ಮಾಡುತ್ತದೆ. ಹೊಟ್ಟೆ ತುಂಬಿತೆಂಬ ತೃಪ್ತಿಯನ್ನು ಮಿದುಳಿಗೆ ತಿಳಿಸುವುದರಲ್ಲಿಯೂ ಪಾಲುಗೊಳ್ಳುತ್ತದೆ.

ಈ ಇಬ್ಬರು ದೂತರಲ್ಲಿ ಒಂದು ವಿವೇಕವುಂಟು. ರಕ್ತದಲ್ಲಿ ಸಕ್ಕರೆ ಹೆಚ್ಚಿರುವಾಗ ಮಾತ್ರ ಇವು ಇನ್ಸುಲಿನ್ನನ್ನು ಹೊರಡಿಸುತ್ತವೆ. ಸಕ್ಕರೆ ಇಳಿದಾಗ ಸುಮ್ಮನಾಗುತ್ತವೆ. ಇವುಗಳ ಆಯುಷ್ಯವೂ ಅಲ್ಪ. ರಕ್ತದಲ್ಲಿರುವ ಡಿಪಿಪಿ-4 ಎಂಬ ಕಿಣ್ವವು ಜಿಎಲ್‌ಪಿ-1ನ್ನು ಎರಡು ನಿಮಿಷಗಳೊಳಗೆ ಅರ್ಧಕ್ಕೆ ಇಳಿಸಿಬಿಡುತ್ತದೆ. ಸುದ್ದಿ ಮುಟ್ಟಿಸಿದೊಡನೆ ದೂತನ ಕೆಲಸ ಮುಗಿಯಿತು.

ಗಂಟೆ ಕಟ್ಟಿದ ಬಾಗಿಲು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕರುಳಿಗೆ ಕಣ್ಣಿಲ್ಲ, ಮೂಗಿಲ್ಲ. ಬಂದದ್ದು ಸಕ್ಕರೆ ಎಂದು ಅದಕ್ಕೆ ಹೇಗೆ ತಿಳಿಯುತ್ತದೆ?

ಶಾಲೆಯಲ್ಲಿ ನಾವೆಲ್ಲ ಬರೆದ ಪಚನಾಂಗಗಳ ಚಿತ್ರವನ್ನು ನೆನಪಿಗೆ ತಂದುಕೊಳ್ಳಿ. ಸುರುಳಿಸುರುಳಿಯಾಗಿ ಬರೆಯುತ್ತಿದ್ದ ಸಣ್ಣ ಕರುಳಿನ ಒಳಮೈಯಲ್ಲಿ ಒಂದೇ ಪದರದ ಜೀವಕೋಶಗಳು ಒತ್ತೊತ್ತಾಗಿ ನಿಂತಿವೆ. ಅವುಗಳಲ್ಲಿ ಬಹುಪಾಲು ಆಹಾರವನ್ನು ಹೀರುವಂಥವು. ನೂರರಲ್ಲಿ ಸುಮಾರು ಒಂದು ಮಾತ್ರ ಹಾರ್ಮೋನಿನ ಕೋಶ. ಜಿಐಪಿ ಹುಟ್ಟುವ ಕೆ ಕೋಶಗಳು ಸಣ್ಣ ಕರುಳಿನ ಮೇಲ್ಭಾಗದಲ್ಲಿ ಹೆಚ್ಚು. ಜಿಎಲ್‌ಪಿ-1 ಹುಟ್ಟುವ ಎಲ್ ಕೋಶಗಳು ಮೇಲೆ ವಿರಳವಾಗಿದ್ದು ಕೆಳಕ್ಕೆ ಹೋದಂತೆ ದಟ್ಟವಾಗುತ್ತವೆ. ಈ ಸ್ಥಳಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಗ್ಲೂಕೋಸ್ ಕರುಳಿನ ಕೋಶದೊಳಗೆ ಹೋಗುವುದಕ್ಕೆ ವಿಶೇಷವಾದ ಬಾಗಿಲೊಂದಿದೆ. ಅದರ ಹೆಸರು ಎಸ್‌ಜಿಎಲ್‌ಟಿ-1. ಈ ಬಾಗಿಲಿನ ನಿಯಮವೆಂದರೆ ಗ್ಲೂಕೋಸ್ ಒಂಟಿಯಾಗಿ ಬರುವಂತಿಲ್ಲ. ಒಂದು ಗ್ಲೂಕೋಸಿನ ಜೊತೆಗೆ ಎರಡು ಸೋಡಿಯಂ ಕಣಗಳು ಬರಬೇಕು. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುತ್ತವೆಂಬ ಈ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು.

ಸೋಡಿಯಂ ಕಣಗಳು ವಿದ್ಯುತ್ತಿನ ಧನಾಂಶವನ್ನು ಹೊತ್ತಿರುತ್ತವೆ. ಸಾಮಾನ್ಯವಾಗಿ ಕೋಶದ ಒಳಭಾಗ ಹೊರಗಿಗಿಂತ ಋಣಾಂಶದಲ್ಲಿರುತ್ತದೆ. ಗ್ಲೂಕೋಸಿನ ಜೊತೆಗೆ ಸೋಡಿಯಂ ಒಳನುಗ್ಗಿದಾಗ ಈ ವಿದ್ಯುತ್ ಅಂತರ ತಗ್ಗುತ್ತದೆ. ತಗ್ಗಿದೊಡನೆ ಕೋಶದ ಗೋಡೆಯಲ್ಲಿರುವ ಕ್ಯಾಲ್ಸಿಯಂ ಕಿಂಡಿಗಳು ತೆರೆಯುತ್ತವೆ. ಒಳಬಂದ ಕ್ಯಾಲ್ಸಿಯಂ, ಪುಟ್ಟ ಪುಟ್ಟ ಚೀಲಗಳಲ್ಲಿ ಕೂಡಿಟ್ಟಿದ್ದ ಹಾರ್ಮೋನನ್ನು ರಕ್ತದ ಕಡೆಗೆ ಸುರಿಸುತ್ತದೆ. ಹೀಗೆ ಇದು ಗಂಟೆ ಕಟ್ಟಿದ ಬಾಗಿಲು. ಬಾಗಿಲು ತೆರೆದು ಸಕ್ಕರೆ ಒಳಬರುವ ಕ್ರಿಯೆಯೇ ಗಂಟೆಯನ್ನು ಬಾರಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಯೋನಾ ಗ್ರಿಬಲ್ ಮತ್ತು ಫ್ರಾಂಕ್ ರೈಮನ್ ಇವರು ಎಲ್ ಕೋಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ಕ್ರಮ ಸ್ಪಷ್ಟವಾಯಿತು. ಜರ್ಮನಿಯ ಹರ್ಮನ್ ಕೋಪ್ಸೆಲ್ ಮತ್ತು ಸಂಗಡಿಗರು 2012ರಲ್ಲಿ ಈ ಬಾಗಿಲೇ ಇಲ್ಲದ ಇಲಿಗಳ ಅಧ್ಯಯನವನ್ನು ಪ್ರಕಟಿಸಿದರು. ಆ ಇಲಿಗಳಿಗೆ ಗ್ಲೂಕೋಸ್ ಕುಡಿಸಿದಾಗ ಎರಡೂ ಹಾರ್ಮೋನುಗಳು ತೀರ ಕಡಿಮೆ ಬಂದವು.

ಈ ಬಾಗಿಲನ್ನು ನಾವು ಬೇರೊಂದು ಕಡೆಯಿಂದ ಬಲ್ಲೆವು. ವಾಂತಿಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ನೀರು ಕೆಲಸ ಮಾಡುವುದು ಇದೇ ಬಾಗಿಲಿನ ಮೂಲಕ. ಗ್ಲೂಕೋಸ್ ಮತ್ತು ಸೋಡಿಯಂ ಕೂಡಿ ಒಳಹೋಗುವಾಗ ನೀರೂ ಅವುಗಳ ಬೆನ್ನಹಿಂದೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಪಶ್ಚಿಮ ಬಂಗಾಳದ ಬನಗಾಂವದಲ್ಲಿ ಡಾ. ದಿಲೀಪ್ ಮಹಲನಬಿಸ್ ಇವರು ಈ ನೀರನ್ನೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಮರಣಾನಂತರ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಘೋಷಿತವಾಯಿತು. ಅಂದು ಪ್ರಾಣ ಉಳಿಸಿದ ಬಾಗಿಲೇ ದಿನನಿತ್ಯದ ಊಟದಲ್ಲಿ ಹಾರ್ಮೋನಿನ ಗಂಟೆಯನ್ನೂ ಬಾರಿಸುತ್ತದೆ.

ಯಾವ ಸಕ್ಕರೆಗೆ ಯಾವ ಬಾಗಿಲು

ಎಲ್ಲ ಸಿಹಿಯೂ ಈ ಬಾಗಿಲಿನಿಂದಲೇ ಬರುವುದಿಲ್ಲ. ರೊಟ್ಟಿ, ಅನ್ನಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಕೊನೆಗೆ ಗ್ಲೂಕೋಸ್ ಆಗುತ್ತದೆ. ಅದು ಗಂಟೆಯ ಬಾಗಿಲಿನಿಂದಲೇ ಬರುತ್ತದೆ. ಹಾಲಿನ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗುತ್ತದೆ. ಎರಡಕ್ಕೂ ಅದೇ ಬಾಗಿಲು. ನಾವು ಚಹಾಕ್ಕೆ ಹಾಕುವ ಸಕ್ಕರೆ, ಅಂದರೆ ಸುಕ್ರೋಸ್, ಕರುಳಿನ ಗೋಡೆಯಲ್ಲಿಯೇ ಇರುವ ಕಿಣ್ವದಿಂದ ಎರಡಾಗಿ ಸೀಳುತ್ತದೆ. ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸ್ ಗಂಟೆಯ ಬಾಗಿಲಿನಿಂದ ಹೋಗುತ್ತದೆ. ಫ್ರಕ್ಟೋಸಿಗೆ ಬೇರೆಯೇ ಬಾಗಿಲು. ಅಲ್ಲಿ ಸೋಡಿಯಂ ಜೊತೆಗಾರನ ಅಗತ್ಯವಿಲ್ಲ, ಆದ್ದರಿಂದ ಆ ಗಂಟೆಯೂ ಇಲ್ಲ. ಮನುಷ್ಯರಲ್ಲಿ ಫ್ರಕ್ಟೋಸ್ ಮಾತ್ರವೇ ಕೊಟ್ಟಾಗ ಜಿಐಪಿ ಏರುವುದಿಲ್ಲ. ಜಿಎಲ್‌ಪಿ-1 ಗ್ಲೂಕೋಸಿಗಿಂತ ಕಡಿಮೆ ಏರುತ್ತದೆ.

ಸಕ್ಕರೆಯಲ್ಲದ ಸಿಹಿವಸ್ತುಗಳ ಮಾತೇನು? ನಾಲಿಗೆಯಲ್ಲಿರುವಂಥ ಸಿಹಿ ಗ್ರಾಹಕಗಳು ಕರುಳಿನ ಹಾರ್ಮೋನಿನ ಕೋಶಗಳಲ್ಲಿಯೂ ಇವೆಯೆಂದು 2007ರಲ್ಲಿ ವರದಿಯಾಯಿತು. ಕರುಳೂ ಸಿಹಿಯನ್ನು ಸವಿದೇ ಸುದ್ದಿ ಕಳಿಸುತ್ತದೆಂದು ಆಗ ಹಲವರು ಭಾವಿಸಿದರು. ಆದರೆ ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾದ ಸುಕ್ರಲೋಸನ್ನು ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತರ ಹೊಟ್ಟೆಗೂ ಕರುಳಿಗೂ ಕೊಟ್ಟು ನೋಡಿದಾಗ ಈ ಹಾರ್ಮೋನುಗಳು ಹೊರಬರಲಿಲ್ಲ. ಸಿಹಿ ಗ್ರಾಹಕಗಳಿಗೆ ಸ್ವಲ್ಪ ಪಾತ್ರವಿದ್ದರೂ ಪ್ರಧಾನ ಪಾತ್ರ ಬಾಗಿಲಿನದೇ. ನಾಲಿಗೆಯನ್ನು ಮರುಳುಗೊಳಿಸಬಹುದು, ಕರುಳನ್ನು ಅಷ್ಟು ಸುಲಭವಾಗಿ ಮರುಳುಗೊಳಿಸಲಾಗದು.

ಈಗ ಬೆಲ್ಲದ ಪ್ರಶ್ನೆಗೆ ಉತ್ತರ ತಾನಾಗಿಯೇ ಒದಗಿತು. ಬೆಲ್ಲದಲ್ಲಿ ನೂರಕ್ಕೆ ಸುಮಾರು 65ರಿಂದ 85 ಭಾಗ ಸುಕ್ರೋಸ್. ಉಳಿದುದರಲ್ಲಿಯೂ ಒಂದಿಷ್ಟು ಮೊದಲೇ ಒಡೆದ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಕಬ್ಬಿಣದಂಥ ಲವಣಗಳ ಅಲ್ಪಾಂಶ ಬೆಲ್ಲದಲ್ಲಿ ಹೆಚ್ಚು ಉಂಟು, ನಿಜ. ಬಣ್ಣ ಬೇರೆ, ರುಚಿ ಬೇರೆ. ಆದರೆ ಕರುಳಿನ ಬಾಗಿಲಿಗೆ ಬರುವ ಹೊತ್ತಿಗೆ ಕಾರಖಾನೆಯ ಸಕ್ಕರೆಗೂ ಗಾಣದ ಬೆಲ್ಲಕ್ಕೂ ಭೇದ ಉಳಿಯುವುದಿಲ್ಲ. ಮಧುಮೇಹಿಗಳು ಬೆಲ್ಲವನ್ನು ಸಕ್ಕರೆಯ ಲೆಕ್ಕದಲ್ಲಿಯೇ ಹಿಡಿಯಬೇಕು.

ಸುದ್ದಿಯ ವೇಗ, ಸರಕಿನ ವೇಗ

ಯಾವ ಸಕ್ಕರೆ ಎಂಬಷ್ಟೇ ಮುಖ್ಯವಾದದ್ದು ಯಾವ ವೇಗದಲ್ಲಿ ಬಂತು ಎಂಬುದು. ಜಠರವು ತನ್ನಲ್ಲಿರುವ ಆಹಾರವನ್ನು ಒಮ್ಮೆಗೇ ಕೆಳಕ್ಕೆ ಬಿಡುವುದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ 1ರಿಂದ 4 ಕ್ಯಾಲರಿಯಷ್ಟು, ಗ್ಲೂಕೋಸಿನ ಲೆಕ್ಕದಲ್ಲಿ ಕಾಲು ಗ್ರಾಮಿನಿಂದ ಒಂದು ಗ್ರಾಮಿನಷ್ಟು, ಸಣ್ಣ ಕರುಳಿಗೆ ಬಿಡುತ್ತದೆ. ಗ್ಲೂಕೋಸನ್ನು ನಳಿಕೆಯ ಮೂಲಕ ನಿಮಿಷಕ್ಕೆ 1 ಕ್ಯಾಲರಿಯಂತೆ ನಿಧಾನವಾಗಿ ಕರುಳಿಗೆ ಬಿಟ್ಟಾಗ, ಅದೆಲ್ಲವೂ ಮೇಲ್ಭಾಗದಲ್ಲಿಯೇ ಹೀರಿಹೋಗಿ ಜಿಐಪಿ ಏರಿತು. ಜಿಎಲ್‌ಪಿ-1 ಹೆಚ್ಚು ಏರಲಿಲ್ಲ. ವೇಗ ಹೆಚ್ಚಿಸಿದಾಗ ಸಕ್ಕರೆ ಕೆಳಗಿನ ಎಲ್ ಕೋಶಗಳವರೆಗೂ ಹರಿದು ಜಿಎಲ್‌ಪಿ-1 ಚೆನ್ನಾಗಿ ಏರಿತು.

ಹಾಗಿದ್ದರೆ ಸಕ್ಕರೆಯನ್ನು ಬೇಗ ಬೇಗ ಕುಡಿಯುವುದೇ ಒಳಿತಲ್ಲವೇ, ಒಳ್ಳೆಯ ಹಾರ್ಮೋನು ಹೆಚ್ಚು ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಈ ತರ್ಕ ಸರಿಯಲ್ಲ. ಕಾರಖಾನೆಯ ಕಾಟಾದಲ್ಲಿ ನೂರು ಗಾಡಿ ಒಮ್ಮೆಗೇ ಬಂದರೆ ಗುಮಾಸ್ತನು ನೂರು ಚೀಟಿ ಬರೆಯಬಲ್ಲ. ಆದರೆ ಗಾಣಕ್ಕೆ ಅಷ್ಟು ಕಬ್ಬನ್ನು ಒಮ್ಮೆಗೇ ನುರಿಸಲಾಗದು. ಸಕ್ಕರೆ ಪ್ರವಾಹದಂತೆ ಬಂದಾಗ ಸುದ್ದಿಯೂ ಹೆಚ್ಚು, ಸರಕೂ ಹೆಚ್ಚು. ಒಂದು ಚಮಚದ ಪಾತ್ರೆ ತುಂಬಿ ಚೆಲ್ಲುತ್ತದೆ.

ಕೆಳಗಿನ ಕರುಳನ್ನು ಎಚ್ಚರಿಸುವುದಕ್ಕೆ ಇನ್ನೊಂದು ದಾರಿಯುಂಟು. ಆಹಾರ ನಿಧಾನವಾಗಿ ಜೀರ್ಣವಾದರೆ, ಮೇಲ್ಭಾಗದಲ್ಲಿ ಒಡೆಯದೆ ಉಳಿದ ಪಿಷ್ಟ ಕೆಳಕ್ಕೆ ಸಾಗಿ ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ. ಅಕಾರ್ಬೋಸ್ ಎಂಬ ಗುಳಿಗೆ ಮಾಡುವುದು ಇದನ್ನೇ. ಸುಕ್ರೋಸ್ ಮತ್ತು ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ಅದು ತಡೆಯುತ್ತದೆ. ಆಗ ಜಿಐಪಿ ತಗ್ಗಿ, ಜಿಎಲ್‌ಪಿ-1 ದೀರ್ಘಕಾಲ ಬರುತ್ತಿರುತ್ತದೆ. ರಕ್ತದ ಸಕ್ಕರೆಯೂ ಒಮ್ಮೆಗೇ ಜಿಗಿಯುವುದಿಲ್ಲ. ಹಾರ್ಮೋನು ಎಷ್ಟು ಬಂತು ಎಂಬುದೊಂದೇ ಮುಖ್ಯವಲ್ಲ. ಬಂದ ಸುದ್ದಿಗೂ ಬಂದ ಸರಕಿಗೂ ಹೊಂದಾಣಿಕೆ ಇರಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಮಧುಮೇಹದಲ್ಲಿ ಆಗುವುದೇನು

ವಯಸ್ಕರಲ್ಲಿ ಸಾಮಾನ್ಯವಾದ ಎರಡನೆಯ ಬಗೆಯ ಮಧುಮೇಹದಲ್ಲಿ ಈ ಹೊಂದಾಣಿಕೆಯೇ ತಪ್ಪುತ್ತದೆ. ಕರುಳಿನ ಮೂಲಕ ಬಂದ ಸಕ್ಕರೆಗೆ ಸಿಗುವ ಹೆಚ್ಚುವರಿ ಇನ್ಸುಲಿನ್ ಇಂಥ ರೋಗಿಗಳಲ್ಲಿ ಬಹಳ ಕುಗ್ಗಿರುತ್ತದೆಂದು ಜರ್ಮನಿಯ ಮೈಕೆಲ್ ನೌಕ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಅನೇಕರಲ್ಲಿ ದೂತರು ಬರುತ್ತಲೇ ಇರುತ್ತಾರೆ. ಅವರ ಮಾತನ್ನು ಕೇಳುವ ಮೇದೋಜೀರಕ ಗ್ರಂಥಿಯೇ ಕಿವುಡಾಗಿರುತ್ತದೆ. ಜಿಐಪಿಯ ಮಾತು ಅದಕ್ಕೆ ಬಹುಮಟ್ಟಿಗೆ ಕೇಳಿಸುವುದಿಲ್ಲ. ಆದರೆ ಜಿಎಲ್‌ಪಿ-1ನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಗ್ರಂಥಿ ಮತ್ತೆ ಓಗೊಡುತ್ತದೆಂದು 1993ರಲ್ಲಿ ತಿಳಿದುಬಂತು.

ಇದರಿಂದ ಹೊಸ ಔಷಧಿಗಳ ಒಂದು ಕುಲವೇ ಹುಟ್ಟಿತು. ಎರಡು ನಿಮಿಷದ ಆಯುಷ್ಯದ ಹಾರ್ಮೋನನ್ನು ಔಷಧಿಯಾಗಿ ಬಳಸುವುದು ಹೇಗೆಂಬುದೇ ತೊಡಕಾಗಿತ್ತು. ಅಮೆರಿಕದ ಮರಳುಗಾಡಿನ ಗಿಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲಿನಲ್ಲಿ ಜಿಎಲ್‌ಪಿ-1ನ್ನು ಹೋಲುವ, ಆದರೆ ಬೇಗ ನಾಶವಾಗದ ವಸ್ತುವೊಂದನ್ನು ಜಾನ್ ಎಂಗ್ ಎಂಬ ವೈದ್ಯ 1992ರಲ್ಲಿ ವರದಿ ಮಾಡಿದರು. ಅದರಿಂದ ತಯಾರಾದ ಎಕ್ಸೆನಟೈಡ್ ಚುಚ್ಚುಮದ್ದಿಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಾರ್ಮೋನನ್ನು ನಾಶಪಡಿಸುವ ಡಿಪಿಪಿ-4 ಕಿಣ್ವವನ್ನೇ ತಡೆಯುವ ಸಿಟಾಗ್ಲಿಪ್ಟಿನ್ ಗುಳಿಗೆ 2006ರಲ್ಲಿ ಬಂತು. ಇಂದು ನಮ್ಮ ಹಳ್ಳಿಗಳ ಔಷಧಿ ಅಂಗಡಿಗಳಲ್ಲಿಯೂ ಇದು ದೊರೆಯುತ್ತದೆ. ಬಳಿಕ ವಾರಕ್ಕೊಮ್ಮೆ ಕೊಡುವ ಸೆಮಾಗ್ಲುಟೈಡ್, ಎರಡೂ ಹಾರ್ಮೋನುಗಳ ಕೆಲಸ ಮಾಡುವ ಟಿರ್ಜೆಪಟೈಡ್ ಬಂದವು. ಟಿರ್ಜೆಪಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿದೆ.

ತೂಕ ಇಳಿಸುವ ಚುಚ್ಚುಮದ್ದೆಂದು ಇವುಗಳ ಹೆಸರು ಈಗ ಎಲ್ಲೆಡೆ ಹರಡಿದೆ. ಆದುದರಿಂದ ಒಂದು ಎಚ್ಚರಿಕೆಯ ಮಾತು. ಇವು ಉಪಯುಕ್ತವಾದ ಔಷಧಿಗಳು. ಆದರೆ ವೈದ್ಯರ ಸಲಹೆಯಿಲ್ಲದೆ, ನೆರೆಯವರು ತೆಗೆದುಕೊಂಡರೆಂದು ತೆಗೆದುಕೊಳ್ಳುವಂಥವಲ್ಲ. ಚಿಕ್ಕ ವಯಸ್ಸಿನಲ್ಲಿ ಹೆಚ್ಚಾಗಿ ಕಾಣಿಸುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ನಿಗೆ ಇವು ಬದಲಿಯಾಗಲಾರವು. ಅಂಥ ಮಕ್ಕಳಿಗೆ ಯಾರ ಮಾತನ್ನೋ ಕೇಳಿ ಇನ್ಸುಲಿನ್ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ.

ನಮ್ಮ ಊಟದ ಎಲೆ

ಈ ಜ್ಞಾನದಿಂದ ಮನೆಯಲ್ಲಿ ಮಾಡಬಹುದಾದದ್ದೇನು? ಸಸಾರಜನಕ ಮತ್ತು ಕೊಬ್ಬು ಕೂಡ ಕರುಳಿನ ಹಾರ್ಮೋನುಗಳನ್ನು ಹೊರಡಿಸುತ್ತವೆ, ಜಠರದ ವೇಗವನ್ನು ತಗ್ಗಿಸುತ್ತವೆ. ಆದುದರಿಂದ ಅವು ಮೊದಲು ಹೋಗಿ, ಸಕ್ಕರೆ-ಪಿಷ್ಟ ಆಮೇಲೆ ಬಂದರೆ ದೇಹ ಸಿದ್ಧವಾಗಿರುತ್ತದೆ. ನ್ಯೂಯಾರ್ಕಿನಲ್ಲಿ 11 ಮಂದಿ ಮಧುಮೇಹಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದರಲ್ಲಿ, ಅದೇ ಊಟವನ್ನು ತರಕಾರಿ ಮತ್ತು ಸಸಾರಜನಕ ಮೊದಲು, ಬ್ರೆಡ್ಡು ಮತ್ತು ಹಣ್ಣಿನ ರಸ ಆಮೇಲೆ ಎಂಬ ಕ್ರಮದಲ್ಲಿ ಕೊಟ್ಟಾಗ ಒಂದು ತಾಸಿನ ಬಳಿಕ ರಕ್ತದ ಸಕ್ಕರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಿತ್ತು. ಊಟ ಅದೇ, ಬದಲಾದದ್ದು ಕ್ರಮ ಮಾತ್ರ.

ನಮ್ಮ ಕಡೆಯ ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ಹುಗ್ಗಿಯೋ ಹೋಳಿಗೆಯೋ ಮೊದಲು ಬಡಿಸಲ್ಪಡುತ್ತದೆ. ಬರಿಹೊಟ್ಟೆಯಲ್ಲಿ ಸಿಹಿ ಮೊದಲಾಗುವ ಈ ಪದ್ಧತಿಯನ್ನು ಆರೋಗ್ಯವಂತನ ದೇಹ ತಾಳಿಕೊಂಡೀತು, ಮಧುಮೇಹಿಗಳದು ತಾಳಲಾರದು. ಇದಕ್ಕೆ ಪ್ರತಿಯಾಗಿ ನಮ್ಮ ದಿನನಿತ್ಯದ ಊಟವನ್ನು ನೋಡಿ: ಜೋಳದ ರೊಟ್ಟಿ, ಝುಣಕ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಮೆಂತೆ ಸೊಪ್ಪಿನ ಪಚಡಿ, ಸೌತೆಕಾಯಿ, ಮೂಲಂಗಿ. ನಾರು, ಕಾಳು, ಎಣ್ಣೆಬೀಜ ಎಲ್ಲವೂ ಇಲ್ಲಿವೆ. ಅಗಿಯದೆ ನುಂಗಲು ಬಾರದ ಊಟ. ಪಚಡಿ, ಕಾಳುಪಲ್ಯಗಳನ್ನು ಮೊದಲು ತಿಂದು, ರೊಟ್ಟಿಯನ್ನು ಅವುಗಳೊಡನೆ ತಿಂದು, ಅನ್ನವನ್ನು ಕಡೆಗೆ ಸ್ವಲ್ಪವೇ ಇಟ್ಟುಕೊಂಡರೆ ಮೇಲಿನ ಕ್ರಮ ನಮ್ಮ ಎಲೆಯಲ್ಲಿಯೇ ಸಿದ್ಧಿಸುತ್ತದೆ. ಆದರೆ ಜೋಳವೂ ಪಿಷ್ಟವೇ ಎಂಬುದನ್ನು ಮರೆಯಬಾರದು, ರೊಟ್ಟಿಗೂ ಲೆಕ್ಕವುಂಟು.

ಕುಡಿಯುವ ಸಕ್ಕರೆಯ ಬಗ್ಗೆ ಎಲ್ಲರೂ ಎಚ್ಚರ ವಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ, ಆಹಾರಕ್ಕೆ ಬೆರೆಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲವೂ ಸೇರಿ ದಿನದ ಶಕ್ತಿಯ ನೂರಕ್ಕೆ ಹತ್ತು ಭಾಗ ಮೀರಬಾರದು. ಐದಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು. 2000 ಕ್ಯಾಲರಿಯ ಊಟಕ್ಕೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆಯ ಚಹಾ ಕುಡಿಯುವವರು ಚಹಾದಲ್ಲಿಯೇ 32ರಿಂದ 40 ಗ್ರಾಂ ಮುಗಿಸಿರುತ್ತಾರೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಪ್ರಮಾಣವನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಇಲ್ಲವಾದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವುಂಟು. ಹಾಗೆ ಇಳಿದು ಬೆವರು, ನಡುಕ, ಮಂಕು ಕಂಡಾಗ ಮಾತ್ರ ಸಕ್ಕರೆಯೇ ಔಷಧಿ. ಆಗ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರಿಗೆ ಬಾಯಿಯಲ್ಲಿ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು.

ಕಬ್ಬು ಬೆಳೆಯುವ ರೈತನ ಬಾಳು, ಕಾರಖಾನೆಯ ಕಾರ್ಮಿಕನ ಬಾಳು ಸಕ್ಕರೆಯನ್ನು ನಂಬಿ ನಿಂತಿವೆ. ಅದನ್ನು ವಿಷವೆಂದು ದೂರುವುದು ನನ್ನ ಉದ್ದೇಶವಲ್ಲ. ಅದು ಎಷ್ಟು, ಯಾವಾಗ, ಯಾವುದರ ಜೊತೆಗೆ ಬರಬೇಕೆಂಬುದನ್ನು ನಮ್ಮ ಕರುಳು ಬಹು ಹಿಂದಿನಿಂದಲೂ ಬಲ್ಲದು. ನಾವು ಅದರ ಮಾತಿಗೆ ಕಿವಿಗೊಟ್ಟರೆ ಸಾಕು. ಕಿವುಡುತನ ಮೊದಲಾಗಿದೆಯೇ ಎಂದು ತಿಳಿಯಲು ಸುಲಭದ ದಾರಿ ರಕ್ತಪರೀಕ್ಷೆ. ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಈ ತಪಾಸಣೆಯ ವ್ಯವಸ್ಥೆಯಿದೆ. ನಮ್ಮ ಶಾಲೆಯಿಂದ ಹೊರಬಂದವರಲ್ಲಿ ಹೆಚ್ಚಿನವರು ಆ ವಯಸ್ಸನ್ನು ಎಂದೋ ದಾಟಿದ್ದೇವೆ. ಉತ್ಸವಕ್ಕೆಂದು ಊರಿಗೆ ಬಂದವರು ಮರಳುವ ಮುನ್ನ ತಾವೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು, ಮನೆಯ ಹಿರಿಯರನ್ನೂ ಕರೆದೊಯ್ಯಲಿ. ಶಾಲೆಯ ಶತಮಾನೋತ್ಸವದ ಪಂಕ್ತಿಯಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳು ಆರೋಗ್ಯದಿಂದ ಕುಳಿತು ಹೋಳಿಗೆ ಉಣ್ಣುವಂತಾಗಲಿ ಎಂದು ಹಾರೈಸಿ ಲೇಖನವನ್ನು ಮುಗಿಸುತ್ತೇನೆ.